ಹಮಾಲರ ಮಾತಿಗೆ ಕೈ ಹಾಕದ ಡಿಟಿಪಿ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಗಲ್ಲಿ. ಕಡಿದಾದ ಮೆಟ್ಟಿಲು ಹತ್ತಿದರೆ ಮೂರು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನ್. ಬೋರ್ಡಿನಲ್ಲಿ ‘ಲಗ್ನಪತ್ರಿಕೆ, ಬಿಲ್ ಬುಕ್, ಪುಸ್ತಕ’ ಅಂತ ಉಳಿದಿದೆ. ಅಂಗಡಿ ಹೆಸರನ್ನು ನಮ್ಮ ಬಿಸಿಲು ಯಾವಾಗಲೋ ತಿಂದು ಹಾಕಿದೆ. ನನ್ನ ಮೊದಲ ಕಥಾಸಂಕಲನ ತಯಾರಾಗಿದ್ದು ಇಲ್ಲೇ. ಐದಕ್ಕೆ ನಾಲ್ಕು ಸ್ಟಾರ್.

ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹಮಾಲರ ಜೊತೆ ಚಹಾ ಕುಡಿಯುತ್ತಾ ಒಂಬತ್ತು ಕತೆ ಆಗಿವೆ. ಒಂದು ಕತೆ, ತೊಗರಿ ಚೀಲದ ಥಪ್ಪಿ ಮೈಮೇಲೆ ಬಿದ್ದು ಕಾಲು ಮುರಿದುಕೊಂಡವನದು. ಪರಿಚಯದ ವ್ಯಾಪಾರಸ್ಥರೊಬ್ಬರು ಪುಸ್ತಕದ ಅರ್ಧ ಖರ್ಚು ಕೊಡುತ್ತೇನೆ ಅಂದಿದ್ದರು. ಆದರೆ ಆ ಕತೆ ತೆಗೆಯಬೇಕು, ಹಿಂದಿನ ರಟ್ಟಿಗೆ ಅವರ ಫೋಟೊ ಹಾಕಬೇಕು. ಫೋಟೊಗೆ ಒಪ್ಪಿಬಿಡುತ್ತಿದ್ದೆನೋ ಏನೋ, ಸುಳ್ಳು ಯಾಕೆ ಹೇಳಲಿ. ಕತೆ ತೆಗೆಯಲು ಮಾತ್ರ ಆಗಲಿಲ್ಲ. ‘ನಿಂದು ಬರೀತೀನಿ’ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಈಗ ಅವನು ನಮ್ಮ ಮಿಲ್ಲಿನ ವಾಚ್‌ಮನ್, ದಿನಾ ಗೇಟಿನಲ್ಲಿ ಮುಖ ನೋಡಬೇಕಲ್ವಾ? ಸೊಸೈಟಿಯಲ್ಲಿ ಸಾಲ ತೆಗೆದು ಈ ಮೆಟ್ಟಿಲು ಹತ್ತಿದೆ.

ಮೊದಲ ಪ್ರೂಫ್ ನೋಡಿ ಎದೆ ಧಸಕ್ಕೆಂದಿತು. ‘ಚೀಲ ಮ್ಯಾಲ ಬಿತ್ತರಿ’ ಅಂತ ನಾನು ಬರೆದಲ್ಲಿ ‘ಚೀಲ ಮೇಲೆ ಬಿದ್ದಿತು’ ಅಂತಿದೆ. ಹಮಾಲ ಸುದ್ದಿ ಓದಿದ ಹಾಗೆ! ಟೈಪ್ ಮಾಡುವ ಹುಡುಗಿಯನ್ನು ಕೇಳಿದರೆ, ‘ತಪ್ಪ ಅದ ಅಂತ ತಿದ್ದೀನ್ರಿ ಸರ. ಪುಸ್ತಕದಾಗ ಹಿಂಗ ಬರೀತಾರೇನ್ರಿ?’ ಅಂದಳು. ಅವಳು ಕೇಳಿದ್ದೂ ಅದೇ ಭಾಷೆಯಲ್ಲಿ.

ಅವಳ ಊರು ಮಳಖೇಡ. ಒಂಬತ್ತನೇ ಶತಮಾನದಲ್ಲಿ ಅಲ್ಲಿಯ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವೇ, ಕನ್ನಡಗಳು ಊರಿಗೊಂದು ಥರ, ಅವುಗಳ ದೋಷ ಎಣಿಸಲು ಕೂತರೆ ವಾಸುಕಿಗೂ ಬೇಸರ ಬಂದೀತು ಅನ್ನುತ್ತದೆ. ಅದನ್ನು ಹೇಳಿದೆ. ‘ವಾಸುಕಿ ಅಂದ್ರ ಯಾರ್ರಿ?’ ‘ಹಾವುಗಳ ರಾಜ.’ ‘ಹಂಗಾದ್ರ ನಂದೇನ್ ನಡೀತದ ಬಿಡ್ರಿ’ ಅಂತ ನಕ್ಕು, ಎಲ್ಲವನ್ನೂ ಮೊದಲಿನ ಹಾಗೆ ಮಾಡಿಕೊಟ್ಟಳು. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡನೇ ಪ್ರೂಫಿನಿಂದ ಅನುಮಾನ ಬಂದಲ್ಲಿ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕೇಳುತ್ತಿದ್ದಳು, ತಾನೇ ತಿದ್ದುತ್ತಿರಲಿಲ್ಲ. ಒಟ್ಟು 23 ಸುತ್ತು. ಆರು ಕಡೆ ನಿಜವಾಗಿ ನನ್ನದೇ ತಪ್ಪು.

ಮೊಬೈಲಿನಲ್ಲಿ ಯುನಿಕೋಡ್‌ನಲ್ಲಿ ಬರೆದಿದ್ದನ್ನು ‘ನುಡಿ’ ಫಾಂಟಿಗೆ ಬದಲಾಯಿಸುವಾಗ ಕೆಲವು ಒತ್ತುಗಳು ಎಲ್ಲೆಲ್ಲೋ ಹಾರಿದ್ದವು. ಅದನ್ನು ಅವರೇ ಹುಡುಕಿ ಸರಿ ಮಾಡಿದರು. ಪುಟ 98 ಆಯಿತು. ‘16 ಪುಟಕ್ಕೊಂದು ಫಾರಂ. 96 ಆದ್ರ ಆರು ಫಾರಂನಾಗ ಮುಗೀತದ. ಎರಡು ಪುಟಕ್ಕ ಸುಮ್ನೆ ಯಾಕ್ ರೊಕ್ಕ ಹಾಕ್ತೀರಿ’ ಅಂದರು ಮಾಲೀಕರು. ಎರಡು ಪುಟದ ನನ್ನ ಮಾತನ್ನು ತೆಗೆಸಿದೆ. ಅದರಲ್ಲಿ ಬಡಾಯಿ ಜಾಸ್ತಿ ಇತ್ತು.

ಒಂದು ಸ್ಟಾರ್ ಕಡಿಮೆ ಯಾಕೆಂದರೆ, 15 ದಿನ ಅಂದವರು 32 ದಿನ ತೆಗೆದುಕೊಂಡರು. ಲಗ್ನದ ಸೀಸನ್ನಿನಲ್ಲಿ ಹೋಗಲೇಬೇಡಿ. ಬೈಂಡಿಂಗ್ ಹೊರಗೆ ಮಾಡಿಸುತ್ತಾರೆ, 300 ಪ್ರತಿಯಲ್ಲಿ 14 ಪ್ರತಿಗಳ ಹಾಳೆ ಬಿಟ್ಟುಕೊಂಡವು. ಮರುಮಾತಿಲ್ಲದೆ ಮತ್ತೆ ಅಂಟಿಸಿಕೊಟ್ಟರು, ನಿಜ. ಆದರೆ ಎರಡು ಸಲ ಮೆಟ್ಟಿಲು ಹತ್ತಿದ್ದು ನಾನು. ಒಟ್ಟು ಖರ್ಚು 21 ಸಾವಿರ.

ಇನ್ನೊಂದು, ಕೆಲಸ ಮುಗಿದ ಮೇಲೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ನಾನು ಮರೆತೆ. ಮೊನ್ನೆ ಗೇಟಿನಲ್ಲಿ ನಿಂತು ವಾಚ್‌ಮನ್‌ಗೆ ಅವನ ಕತೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ. ಆಮೇಲೆ, ‘ಎಲ್ಲಾ ಬರೋಬರಿ ಅದ ಸರ, ಚೀಲ ಹದಿಮೂರಲ್ಲರಿ, ಹದಿನೇಳು’ ಅಂದ. ನಾಳೆ ಮತ್ತೆ ಆ ಮೆಟ್ಟಿಲು ಹತ್ತಬೇಕು.