ಗುರುವಾರ ಸಂಜೆ ಏಳಕ್ಕೆ: ಮೈಸೂರಿನ ಒಂದು ಎ.ಎ. ಗುಂಪಿನ ಬಗ್ಗೆ

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ವೈದ್ಯರು ಮಾತ್ರೆಯ ಚೀಟಿಯ ಕೊನೆಯಲ್ಲಿ 'ಎ.ಎ. ಸಭೆಗೆ ಹೋಗುವುದು' ಎಂದು ಒಂದು ಸಾಲು ಬರೆದಿದ್ದರು. ಎ.ಎ. ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರು ಹೆಸರು ಬಹಿರಂಗಪಡಿಸದೆ ಒಟ್ಟಿಗೆ ಕೂತು ಮಾತನಾಡುವ ಕೂಟ. ಆ ಸಭೆ ಎಲ್ಲಿ ನಡೆಯುತ್ತದೆ, ಯಾರನ್ನು ವಿಚಾರಿಸಬೇಕು ಎಂಬುದು ಅದರಲ್ಲಿ ಇರಲಿಲ್ಲ. ಏಳು ತಿಂಗಳಿಂದ ವಾರಕ್ಕೆರಡು ಸಂಜೆ ಅಂಥ ಒಂದು ಗುಂಪಿಗೆ ಹೋಗುತ್ತಿರುವ ನಾನು, ಅದನ್ನು ಹುಡುಕಲು ಪಟ್ಟ ಪಾಡಿನಿಂದಲೇ ಈ ವಿಮರ್ಶೆಯನ್ನು ಆರಂಭಿಸಬೇಕಾಗಿದೆ.

ಮೊಬೈಲಿನಲ್ಲಿ 'ಕುಡಿತ ಬಿಡಿಸುವುದು' ಎಂದು ಹುಡುಕಿದರೆ ಮೊದಲು ಕಾಣುವುದು ಜಾಹೀರಾತುಗಳು. ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿಕೊಡುವ ಪುಡಿಗಳೂ ಅವುಗಳಲ್ಲಿದ್ದವು. ಅಂಥ ಪುಡಿಯಲ್ಲಿ ಕುಡಿತದ ಚಿಕಿತ್ಸೆಗೆ ಬಳಸುವ ಡೈಸಲ್ಫಿರಾಂ ಇದ್ದರೆ, ಅದು ಹೊಟ್ಟೆಯಲ್ಲಿರುವಾಗ ಮನುಷ್ಯ ಕುಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಅದು ವೈದ್ಯರ ನಿಗಾದಲ್ಲಿ, ರೋಗಿಗೆ ತಿಳಿಸಿಯೇ ಕೊಡಬೇಕಾದ ಔಷಧ. ಒಂದು ಖಾಸಗಿ ಕೇಂದ್ರದವರು ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡಿ ಮುಂಗಡ ಕೇಳಿದರು. ಕೊನೆಗೆ ಯಾವುದೋ ಹಳೆಯ ಪಟ್ಟಿಯಲ್ಲಿದ್ದ ವಿಳಾಸ ಹಿಡಿದು ಒಂದು ಶಾಲೆಯ ಗೇಟಿನ ಮುಂದೆ ನಿಂತಾಗ, ಕಾವಲುಗಾರರು, "ಆ ಮೀಟಿಂಗ್ ಇಲ್ಲಿಂದ ಹೋಗಿ ಎರಡು ವರ್ಷ ಆಯ್ತಲ್ಲ ಸಾರ್" ಎಂದರು. ಹಿಂತಿರುಗುವ ದಾರಿಯಲ್ಲಿ ಮೂರು ವೈನ್ ಶಾಪುಗಳಿದ್ದವು. ಅವುಗಳ ವಿಳಾಸವನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಕೆಲಸಕ್ಕೆ ಬಂದದ್ದು ಒಂದು ಫೋನ್ ಕರೆ. ಎ.ಎ. ಸಹಾಯವಾಣಿಯಲ್ಲಿ ಮಾತನಾಡಿದವರು ತಾವೂ ಒಂದು ಕಾಲಕ್ಕೆ ಬೆಳಗಿನಿಂದಲೇ ಕುಡಿಯುತ್ತಿದ್ದವರೆಂದು ಮೊದಲೇ ಹೇಳಿ, ಅರ್ಧ ಗಂಟೆ ನನ್ನ ಮಾತು ಕೇಳಿ, "ನೀವು ಹುಡುಕೋದು ಬೇಡ, ಬಸ್ ಸ್ಟಾಪಲ್ಲಿ ನಿಂತಿರಿ, ನಮ್ಮೋರೊಬ್ರು ಬಂದು ಕರ್ಕೊಂಡು ಬರ್ತಾರೆ" ಎಂದರು. ಹಾಗೆಯೇ ಒಬ್ಬರು ಬಂದರು.

ಸಭೆ ನಡೆಯುವುದು ಚರ್ಚೊಂದರ ಆವರಣದ ಬಾಡಿಗೆ ಕೊಠಡಿಯಲ್ಲಿ. ನಮ್ಮ ತಾಯಿಗೆ ಇದರಿಂದ ಗಾಬರಿಯಾಯಿತಾದರೂ ಆ ಕೂಟಕ್ಕೂ ಯಾವುದೇ ಮತಕ್ಕೂ ಸಂಬಂಧವಿಲ್ಲ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವುದು ನಿಜ, ಆದರೆ ಆ ದೇವರು ಯಾರೆಂಬುದನ್ನು ಅವರವರಿಗೇ ಬಿಟ್ಟಿದ್ದಾರೆ. ನಮ್ಮಲ್ಲೊಬ್ಬ ಪಕ್ಕಾ ನಾಸ್ತಿಕರು ತಮಗೆ ಈ ಗುಂಪೇ ದೇವರು ಎಂದು ಹೇಳಿ ನಿರಾಳವಾಗಿದ್ದಾರೆ. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಕೆಟಲ್ ಚಹಾ, ಗೋಡೆಗೆ ತೂಗುಹಾಕಿದ ಹೆಜ್ಜೆಗಳ ಬಟ್ಟೆ, ಇಷ್ಟೇ ಅಲ್ಲಿಯ ವ್ಯವಸ್ಥೆ. ಶುಲ್ಕವಿಲ್ಲ, ದಾಖಲಾತಿಯಿಲ್ಲ, ಪೂರ್ತಿ ಹೆಸರನ್ನೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸದಸ್ಯತ್ವಕ್ಕೆ ಸಾಕು. ಕೊನೆಯಲ್ಲಿ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಬರುತ್ತದೆ. ಮೊದಲ ದಿನ ನಾನು ಜೇಬಿಗೆ ಕೈಹಾಕಿದಾಗ ಪಕ್ಕದವರು, "ಹೊಸಬ್ರು ಹಾಕೋ ಹಾಗಿಲ್ಲ, ಇಟ್ಕೊಳ್ಳಿ" ಎಂದು ಚೀಲವನ್ನು ಮುಂದಕ್ಕೆ ದಾಟಿಸಿದರು. ಹೊರಗಿನವರ ದೇಣಿಗೆಯನ್ನು ಇವರು ಸ್ವೀಕರಿಸುವುದೇ ಇಲ್ಲ.

ಆ ಸಂಜೆ ಮಾತನಾಡಿದ ಒಬ್ಬ ನಿವೃತ್ತ ಬಸ್ ಚಾಲಕರು ಕ್ವಾರ್ಟರ್ ಬಾಟಲಿಯನ್ನು ಅಕ್ಕಿ ಡಬ್ಬದ ತಳದಲ್ಲಿ ಹೂತಿಡುತ್ತಿದ್ದುದನ್ನೂ, ಹೆಂಡತಿ ಅಕ್ಕಿ ಅಳೆಯುವಾಗ ಪಾವು ಗಾಜಿಗೆ ತಗುಲಿ ಟಣ್ ಎಂದದ್ದನ್ನೂ ವರ್ಣಿಸಿದಾಗ ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ನನ್ನದೂ ಅಕ್ಕಿ ಡಬ್ಬವೇ. ಯಾರಿಗೂ ಹೇಳಿರದ ಆ ಸಂಗತಿಯನ್ನು ಮೂರನೆಯ ವಾರ ನಾನೇ ಎದ್ದು ಹೇಳಿದೆ. ಆಪ್ತಸಮಾಲೋಚಕರ ಮುಂದೆ ನಾಲ್ಕು ಸಲ ಕೂತರೂ ನನ್ನ ಬಾಯಿಂದ ಅದು ಹೊರಟಿರಲಿಲ್ಲ.

ಕೊರತೆಗಳೂ ಇವೆ. ಮಾತಿಗೆ ನಿಂತ ಕೆಲವರು ಗಡಿಯಾರ ನೋಡುವುದಿಲ್ಲ. ಹೆಂಗಸರು ತೀರ ವಿರಳವಾದ್ದರಿಂದ, ಹೊಸದಾಗಿ ಬರುವ ಹೆಣ್ಣುಮಗಳಿಗೆ ಆ ಕೊಠಡಿ ಸರಾಗವೆನಿಸಲಿಕ್ಕಿಲ್ಲ. ಇನ್ನೊಂದನ್ನು ಕೊರತೆ ಎನ್ನುವುದಕ್ಕಿಂತ ಮಿತಿ ಎನ್ನಬೇಕು: 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಿನಲ್ಲಿ, ಕುಡಿತದಿಂದ ಹಾಳಾಗಿದ್ದ ಒಬ್ಬ ಷೇರುಪೇಟೆಯ ಮನುಷ್ಯ ಮತ್ತು ಒಬ್ಬ ಶಸ್ತ್ರವೈದ್ಯ ಪರಸ್ಪರ ಮಾತನಾಡಿಕೊಂಡದ್ದರಿಂದ ಹುಟ್ಟಿದ ಈ ಕೂಟ ಇಂದಿಗೂ ಚಿಕಿತ್ಸೆ ಕೊಡುವುದಿಲ್ಲ. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೆ ಅಪಾಯವಾಗಬಹುದಾದ್ದರಿಂದ, ಅಂಥವರು ಮೊದಲು ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಹತ್ತಿರದ ಚಿಕಿತ್ಸಾ ಕೇಂದ್ರವನ್ನು ತಿಳಿಯಲು 14446 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಿದೆ.

ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗನ ದಾರಿ ಬೇರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರದಲ್ಲಿ ಕುಡಿತ ಬಿಟ್ಟ ಅವನು ಈಗ ಹಾಗೆ ಬಿಟ್ಟವರೇ ಸೇರುವ ಊರಿನ ನವಜೀವನ ಸಮಿತಿಯ ಸಭೆಗೆ ಹೋಗುತ್ತಾನೆ. ಅಲ್ಲಿ ಗುಟ್ಟೇನೂ ಇಲ್ಲ. ಬಿಟ್ಟದ್ದು ಇಡೀ ಊರಿಗೆ ಗೊತ್ತಿರುವುದರಿಂದ ಮತ್ತೆ ಬಾಟಲಿ ಮುಟ್ಟಲು ನಾಚಿಕೆಯಾಗುತ್ತದೆ ಎನ್ನುತ್ತಾನೆ. ಕಚೇರಿಯಲ್ಲಿ ಈ ವಿಷಯ ಯಾರಿಗೂ ತಿಳಿಸದ ನನಗೆ ಹೆಸರಿಲ್ಲದ ಕೊಠಡಿಯೇ ಹೊಂದಿತು. ಆದ್ದರಿಂದ ಗುಂಪನ್ನು ಆರಿಸುವಾಗ ಅದರ ಖ್ಯಾತಿಗಿಂತ ಅಲ್ಲಿ ಆಡುವ ಭಾಷೆ, ಮನೆಯಿಂದ ಇರುವ ದೂರ ಮತ್ತು ನಿಮ್ಮ ಸಂಕೋಚದ ಬಗೆಯನ್ನು ನೋಡುವುದು ಮೇಲು. ನಾನು ಒಮ್ಮೆ ಹೋಗಿದ್ದ ಇಂಗ್ಲಿಷ್ ಸಭೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು, ಆದರೆ ಅಕ್ಕಿ ಡಬ್ಬದ ಕಥೆಯನ್ನು ನಾನು ಇಂಗ್ಲಿಷಿನಲ್ಲಿ ಹೇಳಲಾರೆ.

ಗುಂಪುಗಳು ಕೊಠಡಿ ಬದಲಿಸುವುದುಂಟು. ಹೊರಡುವ ದಿನ ಮಧ್ಯಾಹ್ನವೇ ಒಮ್ಮೆ ಫೋನ್ ಮಾಡಿ ಜಾಗವನ್ನು ಖಚಿತಪಡಿಸಿಕೊಳ್ಳಿ.