ಗಾತ್ರ, ಉದ್ದ, ಭಾರ: ಅಭ್ಯಾಸ ಹಾಳೆಯೋ, ಮಾಂಟೆಸ್ಸರಿ ಸಾಮಾನೋ, ಕರಟದ ತಕ್ಕಡಿಯೋ?

ಆನೆ ಮತ್ತು ಇರುವೆಯ ಚಿತ್ರ ತೋರಿಸಿ ‘ಯಾವುದು ಭಾರ?’ ಎಂದು ಕೇಳಿದರೆ ಒಂದನೇ ತರಗತಿಯ ಮಗು ತಪ್ಪುವುದೇ ಇಲ್ಲ. ಆದರೆ ಅದು ನೋಡಿದ್ದು ಗಾತ್ರವನ್ನು. ಅದೇ ಮಗುವಿನ ಮುಂದೆ ಒಂದು ಚೀಲ ಮಂಡಕ್ಕಿ, ಒಂದು ಅಚ್ಚು ಬೆಲ್ಲ ಇಟ್ಟು ಕೇಳಿ. ಬೆರಳು ಮಂಡಕ್ಕಿ ಚೀಲದ ಕಡೆಗೇ ಹೋಗುತ್ತದೆ. ಎರಡನ್ನೂ ಎತ್ತಿದ ಮೇಲೆ ಆ ಮುಖದಲ್ಲಿ ಕಾಣುವ ಬೆರಗೇ ಪಾಠದ ಶುರು.

ನನ್ನ ನಲಿಕಲಿ ತರಗತಿಯಲ್ಲಿ ಮೂರು ದಾರಿ ಹಿಡಿದು ನೋಡಿದ್ದೇನೆ: ಮುದ್ರಿತ ಅಭ್ಯಾಸ ಹಾಳೆ, ಶಿಶುವಿಹಾರ ನಡೆಸುವ ಗೆಳತಿಯಿಂದ ತಂದ ಮಾಂಟೆಸ್ಸರಿ ಸಾಮಾನು, ಮತ್ತೆ ಮನೆ-ಅಂಗಳದಲ್ಲಿ ಸಿಗುವ ವಸ್ತುಗಳು.

ಹಾಳೆಯ ವಿಷಯ ಬೇಗ ಮುಗಿಯುತ್ತದೆ. ಉದ್ದ-ಗಿಡ್ಡ ಕಲಿತಾದ ಮೇಲೆ ನೆನಪು ಮಾಡಿಸಲು ಅದು ಸಾಕು. ಭಾರಕ್ಕೆ ಮಾತ್ರ ಬೇಡವೇ ಬೇಡ, ಕಾಗದದಲ್ಲಿ ತೂಕ ಕಾಣುವುದಿಲ್ಲ.

ಗಾತ್ರಕ್ಕೆ ಮಾಂಟೆಸ್ಸರಿ ಸಾಮಾನನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಗುಲಾಬಿ ಗೋಪುರದಲ್ಲಿ 10 ಘನಗಳು, ಬದಿ 1 ಸೆಂ.ಮೀ.ನಿಂದ 10 ಸೆಂ.ಮೀ.ವರೆಗೆ. ಕಂದು ಮೆಟ್ಟಿಲಿನ ತುಂಡುಗಳೆಲ್ಲ 20 ಸೆಂ.ಮೀ. ಉದ್ದ, ಬದಲಾಗುವುದು ದಪ್ಪ ಮಾತ್ರ. ಕೆಂಪು ಕೋಲುಗಳಲ್ಲಿ ದಪ್ಪ ಒಂದೇ, ಉದ್ದ 10 ಸೆಂ.ಮೀ.ನಿಂದ 1 ಮೀಟರ್‌ವರೆಗೆ ಬೆಳೆಯುತ್ತದೆ. ಒಂದು ಸಲಕ್ಕೆ ಒಂದೇ ಗುಣ ಬದಲಾಗುವುದರಿಂದ, ಎಲ್ಲಕ್ಕೂ ‘ದೊಡ್ಡದು’ ಎನ್ನುತ್ತಿದ್ದ ಮಕ್ಕಳು ದಪ್ಪ ಬೇರೆ, ಉದ್ದ ಬೇರೆ ಎಂದು ತಾವೇ ಬಿಡಿಸಿಕೊಳ್ಳುತ್ತಾರೆ. ಜೋಡಿಸಿದ್ದು ತಪ್ಪಿದರೆ ಮೆಟ್ಟಿಲೇ ಏರುಪೇರಾಗಿ ಕಾಣುತ್ತದೆ, ಟೀಚರ್ ಬಾಯಿ ಬಿಡಬೇಕಿಲ್ಲ.

ಒಂದು ಕೊರತೆಯಿದೆ. ಗೋಪುರದಲ್ಲಿ ದೊಡ್ಡ ಘನವೇ ಭಾರದ ಘನ. ಇದೊಂದನ್ನೇ ಆಡಿದ ಮಗುವಿಗೆ ದೊಡ್ಡದೆಲ್ಲ ಭಾರ ಎಂಬ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಭಾರಕ್ಕೆಂದೇ ಮಾಂಟೆಸ್ಸರಿಯಲ್ಲಿ ಒಂದೇ ಅಳತೆಯ, ಬೇರೆ ಬೇರೆ ಮರದ ಪಟ್ಟಿಗಳಿವೆ. ಕಣ್ಣು ಮುಚ್ಚಿ ಅಂಗೈಯಲ್ಲಿಟ್ಟು ಅಂದಾಜು ಮಾಡಬೇಕು. ಅವು ದುಬಾರಿ. ಒಂದೇ ಅಳತೆಯ ಮೂರು ಡಬ್ಬಿಗಳಿಗೆ ಹತ್ತಿ, ರಾಗಿ, ಮರಳು ತುಂಬಿ ಮುಚ್ಚಳ ಹಾಕಿದರೂ ಕೆಲಸ ಆಗುತ್ತದೆ, ನಾನು ಹಾಗೇ ಮಾಡಿದೆ.

ಉದ್ದಕ್ಕೆ ಬಂದರೆ ಅಂಗಳವೇ ಗೆಲ್ಲುತ್ತದೆ. ಹೂವನ್ನು ಮೊಳದಲ್ಲಿ ಅಳೆದು ಕೊಡುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಬೆಂಚನ್ನು ಗೇಣು ಹಾಕಿ ಅಳೆಯಲು ಹೇಳಿ, ಆಮೇಲೆ ನೀವೂ ಅಳೆಯಿರಿ. ಲೆಕ್ಕ ಹೊಂದುವುದಿಲ್ಲ. “ಮಿಸ್, ನಿಮ್ಮ ಕೈ ದೊಡ್ಡದಲ್ವಾ!” ಎಂದು ಯಾರಾದರೂ ಕೂಗಿದಾಗ, ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಎಂಬ ಮುಂದಿನ ಪಾಠಕ್ಕೆ ಬಾಗಿಲು ತೆರೆಯಿತು. ಕಿಟಕಿ ಉದ್ದವೋ ಮೇಜು ಉದ್ದವೋ ಎಂಬುದಕ್ಕೆ ಒಂದು ತುಂಡು ಹುರಿ ಸಾಕು. ಒಂದೇ ಎಚ್ಚರ: ಎರಡು ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ಅವುಗಳ ಬುಡ ಒಂದೇ ಗೆರೆಗೆ ತಾಗಿರಬೇಕು. ಸಮ ಉದ್ದದ ಎರಡು ಕಡ್ಡಿಗಳಲ್ಲಿ ಒಂದನ್ನು ಸ್ವಲ್ಪ ಮುಂದೆ ಸರಿಸಿದರೆ, ಐದು ವರ್ಷದ ಬಹಳಷ್ಟು ಮಕ್ಕಳು ಸರಿಸಿದ ಕಡ್ಡಿಯೇ ಹೆಚ್ಚು ಉದ್ದ ಎನ್ನುತ್ತಾರೆ. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆ ತೋರಿಸಿಕೊಟ್ಟ ಸಂಗತಿ ಇದು. ಬೈಯಬೇಡಿ, ವಯಸ್ಸು ಹಾಗೆ.

ಭಾರದ ಪಾಠ ಕೈಯಿಂದ ಶುರುವಾಗಬೇಕು, ಆದರೆ ಕೈಯಲ್ಲೇ ನಿಲ್ಲಬಾರದು. ಸಮ ತೂಕದ ಎರಡು ಡಬ್ಬಿಗಳಲ್ಲಿ ಚಿಕ್ಕದೇ ಭಾರ ಅನ್ನಿಸುತ್ತದೆ, ದೊಡ್ಡವರಿಗೂ. ಫ್ರಾನ್ಸಿನ ವೈದ್ಯ ಶಾರ್ಪಾಂಟಿಯೆ 1891ರಲ್ಲೇ ಈ ಭ್ರಮೆಯ ಬಗ್ಗೆ ಬರೆದಿದ್ದ. ಹಾಗಾಗಿ ಕೈಯ ಮಾತನ್ನು ಒರೆಗೆ ಹಚ್ಚಲು ತಕ್ಕಡಿ ಬೇಕು.

ಇಲ್ಲಿ ಪೈಪೋಟಿ ಇರುವುದು ಕೋಲಿನ ಎರಡು ತುದಿಗೆ ತೆಂಗಿನ ಕರಟ ತೂಗುಹಾಕಿದ ತಕ್ಕಡಿಗೂ ಅಡುಗೆಮನೆಯ ಡಿಜಿಟಲ್ ತಕ್ಕಡಿಗೂ. ಡಿಜಿಟಲ್ ತಕ್ಕಡಿಯಲ್ಲಿ ಒಂದು ವಸ್ತು ಇಟ್ಟರೆ 347 ಎಂದು ತೋರಿಸುತ್ತದೆ. ಇಪ್ಪತ್ತರವರೆಗೆ ಎಣಿಸುವ ಮಗುವಿಗೆ ಆ ಅಂಕಿಯಿಂದ ಏನು ತಿಳಿದೀತು? ಎರಡು ವಸ್ತು ಅಲ್ಲಿ ಎದುರುಬದುರಾಗುವುದೂ ಇಲ್ಲ. ಕರಟದ ತಕ್ಕಡಿಯಲ್ಲಿ ಅವು ಎದುರಾಗುತ್ತವೆ, ಉತ್ತರ ಕಣ್ಣಮುಂದೆ ವಾಲುತ್ತದೆ. ಕಣಕದ ಎರಡು ಸಮ ಉಂಡೆ ಮಾಡಿ, ಒಂದನ್ನು ಹಾವಿನಂತೆ ಹೊಸೆದು ಇಟ್ಟು ನೋಡಿ. ‘ಉದ್ದ ಆಯ್ತು, ಭಾರ ಆಯ್ತು’ ಎಂದು ಪಟ್ಟು ಹಿಡಿದ ಮಗು ಕೋಲು ಮಟ್ಟಸವಾಗಿ ನಿಂತಿದ್ದನ್ನು ಕಂಡು ಮತ್ತೆ ಮತ್ತೆ ತೂಗುತ್ತದೆ.

ತೊಡಕು ಎರಡು. ಖಾಲಿ ಕರಟಗಳು ಮೊದಲು ಸಮ ತೂಗಬೇಕು, ಹಗುರವಾದುದರ ತಳಕ್ಕೆ ಸ್ವಲ್ಪ ಜೇಡಿಮಣ್ಣು ಮೆತ್ತಿ. ಇನ್ನೊಂದು, ಮೇಲೆ ಹೋದ ಕರಟವೇ ‘ಜಾಸ್ತಿ’ ಎಂದುಕೊಳ್ಳುವ ಮಕ್ಕಳಿರುತ್ತಾರೆ. ಮೊದಲು ಅವರ ಎರಡೂ ಕೈಗೆ ಚೀಲ ಕೊಟ್ಟು ತೋಳು ಚಾಚಿ ನಿಲ್ಲಿಸಿ. ಯಾವ ಕೈ ಕೆಳಗೆ ಜಗ್ಗುತ್ತದೆ ಎಂಬುದು ಮೈಗೆ ಗೊತ್ತಾದ ಮೇಲೆ ತಕ್ಕಡಿ ತಾನಾಗಿ ಅರ್ಥವಾಗುತ್ತದೆ. ಡಿಜಿಟಲ್ ತಕ್ಕಡಿಯನ್ನು ನಾನು ಕಪಾಟಿನಿಂದ ತೆಗೆಯುವುದು ಗ್ರಾಂ, ಕಿಲೋ ಬಂದ ಮೇಲೆಯೇ.