ಉಗ್ಗಿಗೆ ಸ್ಪೀಚ್ ಥೆರಪಿ: ಜಯನಗರದ ಈ ಕ್ಲಿನಿಕ್‌ನಲ್ಲಿ ನನ್ನ ಮೂರು ತಿಂಗಳು

ನನಗೆ ಚಿಕ್ಕಂದಿನಿಂದ ಉಗ್ಗು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಕಂಡಕ್ಟರ್‌ಗೆ ‘ಬನಶಂಕರಿ’ ಅನ್ನಲು ಆಗದೆ ‘ಲಾಸ್ಟ್ ಸ್ಟಾಪ್’ ಅಂತ ಹೇಳಿ ಟಿಕೆಟ್ ತಗೊಂಡು ಎಷ್ಟೋ ವರ್ಷ ಓಡಾಡಿದ್ದೇನೆ. ಅಜ್ಜಿ ಬಜೆ ತೇಯ್ದು ನಾಲಗೆಗೆ ಹಚ್ಚುತ್ತಿದ್ದರು. ಪ್ರೀತಿಯಿಂದಲೇ ಹಚ್ಚಿದ್ದು, ಆದರೆ ತೊಂದರೆ ನಾಲಗೆಯದ್ದಲ್ಲ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಮೊದಲ ದಿನ ಮೇಡಂ ಹತ್ತು ನಿಮಿಷ ಸುಮ್ನೆ ಮಾತಾಡಿಸಿ ಇಬ್ಬರ ಮಾತನ್ನೂ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಕೇಳಿಸಿದರೆ ಅವರ ಮಾತಿನಲ್ಲೂ ‘ಅದೂ...’, ‘ಏನಂದ್ರೆ...’ ಬೇಕಾದಷ್ಟಿತ್ತು! ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುತ್ತೇವೆ, ಅಷ್ಟರಲ್ಲೇ ಪದ ಹುಡುಕಬೇಕು, ವಾಕ್ಯ ಜೋಡಿಸಬೇಕು, ಉಸಿರು ತುಟಿ ನಾಲಗೆ ಎಲ್ಲ ಹೊಂದಬೇಕು. ಪದ ಸಿಗುವುದು ತಡವಾದರೆ ಯಾರಾದರೂ ತಡವರಿಸುತ್ತಾರೆ, ಅಲ್ವಾ? ಉಗ್ಗು ಬೇರೆ. ಪದ ಗೊತ್ತಿರುತ್ತದೆ, ಬಾಯಿಗೂ ಬಂದಿರುತ್ತದೆ, ಮೊದಲ ಅಕ್ಷರವೇ ಸಿಕ್ಕಿಕೊಳ್ಳುತ್ತದೆ. ಹಾಡುವಾಗ, ಇನ್ನೊಬ್ಬರ ಜೊತೆ ದನಿಗೂಡಿಸಿ ಓದುವಾಗ ಹೆಚ್ಚಿನವರಿಗೆ ಅದು ಬರುವುದಿಲ್ಲ. ಮೇಡಂ ಜೊತೆ ಪೇಪರ್ ಓದಿದೆ. ಒಂದು ಪುಟ ನಿಲ್ಲದೆ ಹೋಯಿತು. ಅವತ್ತು ಅತ್ತುಬಿಟ್ಟೆ.

ಪೂರ್ತಿ ವಾಸಿ ಮಾಡುತ್ತೇವೆ ಅಂತ ಇವರು ಹೇಳುವುದಿಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. (ಹಿಂದೆ ಬೇರೊಂದು ಕಡೆ 15 ದಿನದಲ್ಲಿ ವಾಸಿ ಅಂತ ದುಡ್ಡು ಕಟ್ಟಿಸಿಕೊಂಡಿದ್ದರು. ಅಲ್ಲಿದ್ದಷ್ಟು ಹೊತ್ತು ಸರಿ, ರಸ್ತೆಗೆ ಬಂದರೆ ಮತ್ತೆ ಅದೇ.) ಇಲ್ಲಿ ಕಲಿಸಿದ್ದು ಮೊದಲ ಅಕ್ಷರವನ್ನು ಒತ್ತದೆ ಮೆತ್ತಗೆ ಶುರು ಮಾಡುವುದು, ಸಿಕ್ಕಿಕೊಂಡರೆ ತಳ್ಳಾಡದೆ ನಿಂತು ಮತ್ತೆ ಹೇಳುವುದು, ಎಲ್ಲಕ್ಕಿಂತ ಜಾಸ್ತಿ, ಪದ ಬದಲಿಸಿ ತಪ್ಪಿಸಿಕೊಳ್ಳದೆ ಇರುವುದು. ಎಂಟನೇ ವಾರ ಮೇಡಂ ನನ್ನನ್ನು 4ನೇ ಬ್ಲಾಕ್ ಮಾರ್ಕೆಟ್‌ಗೆ ಕರೆದುಕೊಂಡು ಹೋದರು. ಹಣ್ಣಿನಮ್ಮನ ಹತ್ತಿರ ಬೇಕಂತಲೇ ಉಗ್ಗುತ್ತಾ ಬಾಳೆಹಣ್ಣಿನ ರೇಟು ಕೇಳಿದೆ. ಆಯಮ್ಮ ಕಾದು, ರೇಟು ಹೇಳಿದರು. ಅಷ್ಟೇ. ಅದಕ್ಕೇ ನಾನು ಇಪ್ಪತ್ತು ವರ್ಷ ಹೆದರಿದ್ದು.

ಈಗಲೂ ಕಂಡಕ್ಟರ್ ಮುಂದೆ ‘ಬ’ ಸಿಕ್ಕಿಕೊಳ್ಳುತ್ತದೆ. ಆದರೂ ಬನಶಂಕರಿ ಅಂತಲೇ ಹೇಳುತ್ತೇನೆ.

ಕೊರತೆ ಅಂದರೆ ಶನಿವಾರದ ಸ್ಲಾಟ್ ಸಿಗುವುದು ಕಷ್ಟ, ಕೆಲಸಕ್ಕೆ ಹೋಗುವವರು ಮೊದಲೇ ಬುಕ್ ಮಾಡಿ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಉಗ್ಗು ಶುರುವಾಗಿ ಎಷ್ಟೋ ಮಕ್ಕಳಿಗೆ ತಾನೇ ಹೋಗುತ್ತದೆ, ಆದರೂ ಒಮ್ಮೆ ತೋರಿಸಿ, ಗದರಿಸಬೇಡಿ. ಫೀಸು ಜಾಸ್ತಿ ಅನ್ನಿಸಿದರೆ ಸರ್ಕಾರದ್ದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ.